ಸೌರಫಲಕಕ್ಕೆ ಮುನ್ನ ಸೂರು

ಮೈಸೂರಿನಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ. ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ತಮ್ಮ ಮನೆಯ ತಾರಸಿಯ ಮೇಲೆ ಸೌರಫಲಕಗಳನ್ನು ಹಾಕಿಸಿದರು. ಬಂದವರು ಎರಡೇ ದಿನಗಳಲ್ಲಿ ಕೆಲಸ ಮುಗಿಸಿಕೊಟ್ಟು ಹೋದರು. ಬೇಸಗೆಯ ತಿಂಗಳುಗಳಲ್ಲಿ ವಿದ್ಯುತ್ತಿನ ಬಿಲ್ಲು ಗಣನೀಯವಾಗಿ ಇಳಿಯಿತು. ಮನೆಗೆ ಬಂದವರನ್ನೆಲ್ಲ ಸ್ನೇಹಿತರು ಮಹಡಿಗೆ ಕರೆದೊಯ್ದು ತೋರಿಸಿ ಸಂತೋಷಪಟ್ಟರು. ಆಷಾಢದ ಮಳೆ ಹಿಡಿದ ಮೂರನೆಯ ದಿನ, ಮಲಗುವ ಕೋಣೆಯ ಒಳಛಾವಣಿಯಲ್ಲಿ ಅಂಗೈಯಗಲದ ಒದ್ದೆ ಕಾಣಿಸಿಕೊಂಡಿತು. ಶ್ರಾವಣ ಬರುವಷ್ಟರಲ್ಲಿ ಅದರ ಕೆಳಗೆ ಬೋಗುಣಿ ಇಡಬೇಕಾಯಿತು. ಗಾರೆ ಕೆಲಸದವರನ್ನು ಕರೆಸಿದರೆ, “ಸೋರುವ ಜಾಗ ಫಲಕಗಳ ಅಡಿಯಲ್ಲೇ ಇದೆ. ಅವನ್ನು ತೆಗೆಸದೆ ನಾವು ಕೈಯಿಡುವಂತಿಲ್ಲ” ಎಂದರು. ಫಲಕ ಹಾಕಿದವರನ್ನು ಕೇಳಿದರೆ, “ಬಿರುಕು ಮೊದಲಿನಿಂದಲೂ ಇದ್ದದ್ದು. ತೆಗೆದು ಮತ್ತೆ ಜೋಡಿಸುವ ಖರ್ಚು ತಮ್ಮದು” ಎಂದರು. ಇಬ್ಬರ ಮಾತೂ ಸುಳ್ಳಾಗಿರಲಿಲ್ಲ. ಕೊನೆಗೆ ಫಲಕಗಳನ್ನು ಇಳಿಸಿ, ತಾರಸಿಯನ್ನು ದುರಸ್ತಿ ಮಾಡಿಸಿ, ಮತ್ತೆ ಏರಿಸುವಷ್ಟರಲ್ಲಿ ಎರಡು ವರ್ಷಗಳ ಉಳಿತಾಯ ಕರಗಿಹೋಯಿತು. ಮೊದಲು ಆಗಬೇಕಾದ ಕೆಲಸ ಆಮೇಲೆ ಆದದ್ದೇ ಇಷ್ಟಕ್ಕೆಲ್ಲ ಕಾರಣ.

ಶ್ರೋತೃಗಳೇ, ಇಂದು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಈ ಮೊದಲು ಆಗಬೇಕಾದ ಕೆಲಸವನ್ನು ಕುರಿತು. ಸೌರಫಲಕದ ಗುಣಾವಗುಣಗಳನ್ನು ಹೇಳುವವರು ಅನೇಕರಿದ್ದಾರೆ. ಅದನ್ನು ಹೊರಬೇಕಾದ ಸೂರಿನ ಮಾತನ್ನು ಎತ್ತುವವರು ಕಡಿಮೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ‘ಪಿಎಂ ಸೂರ್ಯಘರ್’ ಯೋಜನೆಯನ್ನು ಆರಂಭಿಸಿ, ಒಂದು ಕೋಟಿ ಮನೆಗಳ ಮೇಲೆ ಸೌರಫಲಕಗಳನ್ನು ಏರಿಸುವ ಗುರಿಯನ್ನು ಇಟ್ಟುಕೊಂಡಿತು. ಎರಡು ಕಿಲೋವಾಟ್‌ವರೆಗೆ ಕಿಲೋವಾಟ್ ಒಂದಕ್ಕೆ 30,000 ರೂಪಾಯಿ, ಮೂರು ಕಿಲೋವಾಟ್ ಮತ್ತು ಅದಕ್ಕೂ ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವೆಂದು ಆಗ ಗೊತ್ತುಮಾಡಲಾಯಿತು. ಈ ಲೆಕ್ಕವೆಲ್ಲ ಫಲಕಗಳ ಸಾಮರ್ಥ್ಯವನ್ನು ಹಿಡಿದು ಮಾಡಿದ್ದು. ಸೂರಿನ ದುರಸ್ತಿಯ ಖರ್ಚು ಅದರಲ್ಲಿ ಸೇರಿಲ್ಲ. ಅದು ಮನೆಯ ಯಜಮಾನರ ಪಾಲಿಗೇ ಉಳಿದಿರುವ ಹೊಣೆ.

ಸೌರಫಲಕವೆಂದರೆ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿಯೇ ಕಂಡಿದ್ದರು. ಬಳಕೆಗೆ ಬರುವಂಥ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ಪ್ರದರ್ಶಿಸಿದರು. ಅದು ತನ್ನ ಮೇಲೆ ಬಿದ್ದ ಬಿಸಿಲಿನ ನೂರರಲ್ಲಿ ಆರು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದಿನ ಫಲಕಗಳು ಇಪ್ಪತ್ತು ಪಾಲಿಗೂ ಹೆಚ್ಚನ್ನು ಹಿಡಿಯುತ್ತವೆ. ಇದರಲ್ಲಿ ತಿರುಗುವ ಚಕ್ರವಿಲ್ಲ, ಸವೆಯುವ ಭಾಗವಿಲ್ಲ. ಆದುದರಿಂದಲೇ ತಯಾರಕರು ಇಪ್ಪತ್ತೈದು ವರ್ಷಗಳ ಭರವಸೆಯನ್ನು ಕೊಡಬಲ್ಲರು. ನಾವು ಮನಸ್ಸಿಗೆ ತಂದುಕೊಳ್ಳಬೇಕಾದ ಮುಖ್ಯ ಸಂಗತಿ ಈ ಇಪ್ಪತ್ತೈದು ವರ್ಷ. ಫಲಕವು ಅಷ್ಟು ಕಾಲ ಅಲುಗದೆ ಕೂರಬೇಕಾದರೆ, ಅದರ ಕೆಳಗಿರುವ ಸೂರೂ ಅಷ್ಟು ಕಾಲ ಯಾರ ಕೈಯೂ ತಾಗದೆ ಬಾಳಬೇಕು. ತಾರಸಿಗೆ ನಾವು ಬಳಿಸುವ ಸಾಮಾನ್ಯ ಜಲನಿರೋಧಕ ಲೇಪವು ಐದಾರು ವರ್ಷಗಳಿಗೊಮ್ಮೆ ನವೀಕರಣವನ್ನು ಬೇಡುತ್ತದೆ. ಐದು ವರ್ಷದ ಸೂರಿನ ಮೇಲೆ ಇಪ್ಪತ್ತೈದು ವರ್ಷದ ವಸ್ತುವನ್ನು ಕೂರಿಸಿದರೆ ನನ್ನ ಸ್ನೇಹಿತರ ಪಾಡೇ ಆಗುತ್ತದೆ.

ಹಾಗಾದರೆ ಸಿದ್ಧತೆ ಎಲ್ಲಿಂದ ಮೊದಲಾಗಬೇಕು? ತಾರಸಿಯನ್ನು ಹತ್ತುವ ಮೊದಲೇ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳುವುದರಿಂದ. ನಮ್ಮ ಊರುಗಳಲ್ಲಿ ಎಷ್ಟೋ ತಾರಸಿಗಳ ಮೂಲೆಗಳಲ್ಲಿ ಕಬ್ಬಿಣದ ಕಂಬಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುವುದನ್ನು ತಾವು ಕಂಡಿದ್ದೀರಿ. ಮುಂದೆ ಮಗನ ಮದುವೆಯಾದಾಗ ಇನ್ನೊಂದು ಮಹಡಿ ಏರಿಸೋಣವೆಂಬ ಆಸೆಯಿಂದ ಬಿಟ್ಟ ಕಂಬಿಗಳು ಅವು. ಆ ಆಸೆ ಇನ್ನೂ ಉಳಿದಿದೆಯೆ? ಉಳಿದಿದ್ದರೆ ಎಷ್ಟು ವರ್ಷಕ್ಕೆ ಕೈಗೂಡೀತು? ಐದಾರು ವರ್ಷಗಳಲ್ಲಿ ಮಹಡಿ ಏರುವುದು ಖಚಿತವಾಗಿದ್ದರೆ ಫಲಕಗಳನ್ನು ಆಗ ಹಾಕಿಸುವುದೇ ಲೇಸು. ಏರಿಸುವುದಿಲ್ಲವೆಂದು ನಿಶ್ಚಯವಾದರೆ ಆ ಕಂಬಿಗಳನ್ನು ಕತ್ತರಿಸಿ, ತುದಿಗಳನ್ನು ಸಿಮೆಂಟಿನಿಂದ ಮುಚ್ಚಿಸಬೇಕು. ತೆರೆದ ಕಂಬಿಗಳು ನೆರಳು ಚೆಲ್ಲುವುದಷ್ಟೇ ಅಲ್ಲ, ಮಳೆಯಲ್ಲಿ ತುಕ್ಕು ಹಿಡಿದು ಆ ತುಕ್ಕನ್ನು ಕಂಬದೊಳಕ್ಕೂ ಇಳಿಸುತ್ತವೆ. ಅಣ್ಣತಮ್ಮಂದಿರ ಜಂಟಿ ಸೊತ್ತಾದ ಮನೆಯಲ್ಲಿ, ಅಥವಾ ಹಲವು ಮನೆಗಳ ವಸತಿ ಸಮುಚ್ಚಯದಲ್ಲಿ, ತಾರಸಿ ಯಾರ ಪಾಲಿಗೆಂಬುದು ಕಾಗದದ ಮೇಲೆ ಇತ್ಯರ್ಥವಾಗಿರಬೇಕು. ಇಪ್ಪತ್ತೈದು ವರ್ಷಗಳಲ್ಲಿ ಮನೆಗಳು ಪಾಲಾಗುವುದುಂಟು. ಬಾಯಿಮಾತಿನ ಒಪ್ಪಿಗೆ ಅಷ್ಟು ಕಾಲ ನಿಲ್ಲುವುದಿಲ್ಲ.

ಈಗ ತಾರಸಿಗೆ ಹೋಗೋಣ. ಅಲ್ಲಿ ಮೊದಲು ನೋಡಬೇಕಾದದ್ದು ನೆರಳು. ಫಲಕದೊಳಗಿನ ಕೋಶಗಳನ್ನು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದು ಕೋಶ ನೆರಳಿಗೆ ಸಿಕ್ಕಿದರೆ ಅದರ ಸಾಲಿನಲ್ಲಿ ಹರಿಯುವ ವಿದ್ಯುತ್ತೆಲ್ಲ ಕುಂಠಿತವಾಗುತ್ತದೆ. ಅಡ್ಡದಾರಿಯಲ್ಲಿ ವಿದ್ಯುತ್ತನ್ನು ಸಾಗಿಸುವ ಡಯೋಡುಗಳನ್ನು ಒಳಗೆ ಇಟ್ಟಿರುತ್ತಾರಾದರೂ ಆಗಲೂ ಫಲಕದ ಮೂರರಲ್ಲಿ ಒಂದು ಭಾಗ ಸುಮ್ಮನಾಗುತ್ತದೆ. ಒಂದು ತೆಂಗಿನ ಗರಿಯ ನೆರಳು, ಟಿ.ವಿ. ತಟ್ಟೆಯ ನೆರಳು, ಬಟ್ಟೆ ಒಣಹಾಕುವ ತಂತಿಯ ಕಂಬದ ನೆರಳು, ಇವು ಕಣ್ಣಿಗೆ ಅಲ್ಪವಾಗಿ ತೋರಿದರೂ ಲೆಕ್ಕದಲ್ಲಿ ಅಲ್ಪವಲ್ಲ.

ನಮ್ಮ ನಾಡಿನಲ್ಲಿ ಸೂರ್ಯನ ನಡಿಗೆ ಹೇಗೆಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ, ಬೀದರ್ ಸುಮಾರು 18 ಡಿಗ್ರಿಯಲ್ಲಿ. ವರ್ಷದ ಹೆಚ್ಚು ಕಾಲ ನಡುಹಗಲಿನ ಸೂರ್ಯ ನಮಗೆ ದಕ್ಷಿಣಕ್ಕಿರುತ್ತಾನೆ. ಆದಕಾರಣ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಆಯಾ ಊರಿನ ಅಕ್ಷಾಂಶಕ್ಕೆ ಹತ್ತಿರವಾದ ಓರೆಯಲ್ಲಿ ನಿಲ್ಲಿಸುತ್ತಾರೆ. ಓರೆ ಹತ್ತು ಡಿಗ್ರಿಗಿಂತ ಕಡಿಮೆಯಾದರೆ ಮಳೆನೀರು ಧೂಳನ್ನು ತೊಳೆದುಕೊಂಡು ಇಳಿಯದೆ ಕೆಳ ಅಂಚಿನಲ್ಲಿ ಕೆಸರು ಕಟ್ಟುತ್ತದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ಕಡೆಗೆ ಅತಿ ಹೆಚ್ಚು ವಾಲಿರುತ್ತಾನೆ, ನೆರಳುಗಳು ಅತಿ ಉದ್ದವಾಗಿರುತ್ತವೆ. ಆ ದಿನ ಬೆಂಗಳೂರಿನಲ್ಲಿ ನಡುಹಗಲಿನ ನೆರಳು ವಸ್ತುವಿನ ಎತ್ತರದ ಮುಕ್ಕಾಲು ಪಾಲಿನಷ್ಟಿದ್ದರೆ, ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಎತ್ತರದ ಒಂದೂವರೆಪಟ್ಟಿಗೂ ಹೆಚ್ಚಿರುತ್ತದೆ. ಎಂದರೆ ಆರು ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ನಡುಹಗಲಿನಲ್ಲಿ ನಾಲ್ಕೂವರೆ ಅಡಿ, ಬೆಳಿಗ್ಗೆ ಒಂಬತ್ತು ಅಡಿಗೂ ಹೆಚ್ಚು. ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಆಗ ನೆರಳು ದಕ್ಷಿಣಕ್ಕೆ ಬೀಳುತ್ತದಾದರೂ ಅದು ಬಲು ಗಿಡ್ಡ, ಆರು ಅಡಿಗೆ ಹೆಚ್ಚೆಂದರೆ ಒಂದಡಿಯಷ್ಟು.

ಈ ಲೆಕ್ಕವನ್ನು ಕಾಗದದಲ್ಲಿ ಮಾಡಲು ಬಾರದವರು ಕೈಯಲ್ಲೊಂದು ಸುಣ್ಣದ ಕಡ್ಡಿ ಹಿಡಿದು ಡಿಸೆಂಬರಿನ ಒಂದು ದಿನ ತಾರಸಿಯ ಮೇಲೆ ಹೋದರೆ ಸಾಕು. ಒಂಬತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಎಲ್ಲ ನೆರಳುಗಳ ಅಂಚನ್ನು ನೆಲದ ಮೇಲೆ ಬರೆಯಿರಿ. ಗೆರೆಗಳ ಹೊರಗೆ ಉಳಿದ ಜಾಗವೇ ಫಲಕಗಳಿಗೆ ಯೋಗ್ಯವಾದದ್ದು. ಕಿಲೋವಾಟ್ ಒಂದಕ್ಕೆ ಸುಮಾರು ನೂರು ಚದರ ಅಡಿ ಇಂಥ ಜಾಗ ಬೇಕು. ಅಂಥ ಒಂದು ಕಿಲೋವಾಟ್ ನಮ್ಮ ರಾಜ್ಯದಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ವಿದ್ಯುತ್ತನ್ನು ಕೊಟ್ಟೀತು. ಜಾಗ ಸಾಲದಿದ್ದರೆ ಟ್ಯಾಂಕನ್ನು ಉತ್ತರದ ಮೂಲೆಗೆ ಸರಿಸಬಹುದೇ, ಬಿಸಿನೀರಿನ ಸೋಲಾರ್ ಹೀಟರನ್ನು ಒತ್ತರಿಸಬಹುದೇ ಎಂದು ಯೋಚಿಸಬೇಕು. ಸರಿಸುವುದಾದರೆ ಈಗಲೇ ಸರಿಸಬೇಕು, ಮತ್ತು ತುಂಬಿದ ಟ್ಯಾಂಕಿನ ಭಾರವು ಗೋಡೆಯ ಅಥವಾ ತೊಲೆಯ ನೇರದಲ್ಲಿ ಕೂರುವಂತೆ ನೋಡಿಕೊಳ್ಳಬೇಕು. ದಕ್ಷಿಣದ ಪಕ್ಕದ ನಿವೇಶನ ಖಾಲಿ ಇದೆಯೆಂದು ಹಿಗ್ಗುವುದೂ ಬೇಡ. ಅಲ್ಲಿ ನಾಳೆ ಮೂರು ಅಂತಸ್ತು ಎದ್ದರೆ ತಡೆಯುವ ಹಕ್ಕು ನಮಗಿಲ್ಲ. ಅಂಥ ಕಡೆ ಫಲಕಗಳನ್ನು ಆದಷ್ಟು ಉತ್ತರಕ್ಕೆ ಇರಿಸುವುದು ಜಾಣತನ.

ನೆರಳಿನ ನಂತರ ಭಾರದ ಪ್ರಶ್ನೆ. “ಇಷ್ಟು ದೊಡ್ಡ ಗಾಜಿನ ಹಲಗೆಗಳನ್ನು ನಮ್ಮ ತಾರಸಿ ತಡೆದೀತೇ?” ಎಂದು ಜನ ಕೇಳುತ್ತಾರೆ. ಲೆಕ್ಕ ನೋಡೋಣ. ಏಳಡಿ ಉದ್ದ, ಮೂರೂವರೆ ಅಡಿ ಅಗಲದ, ಸುಮಾರು 540 ವಾಟ್ ಸಾಮರ್ಥ್ಯದ ಒಂದು ಫಲಕ 28 ಕಿಲೋಗ್ರಾಂ ತೂಗುತ್ತದೆ. ಅದರ ಕಬ್ಬಿಣದ ಚೌಕಟ್ಟನ್ನೂ ಸೇರಿಸಿದರೆ ಚದರ ಮೀಟರಿಗೆ ಹದಿನೈದರಿಂದ ಇಪ್ಪತ್ತು ಕಿಲೋಗ್ರಾಂ ಆದೀತು. ಐದು ಅಂಗುಲ ದಪ್ಪದ ಕಾಂಕ್ರೀಟ್ ತಾರಸಿಯ ಸ್ವಂತ ತೂಕವೇ ಚದರ ಮೀಟರಿಗೆ 300 ಕಿಲೋಗ್ರಾಮಿಗೂ ಹೆಚ್ಚು. ಜನ ಓಡಾಡುವ ತಾರಸಿ ತನ್ನ ತೂಕದ ಮೇಲೆ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಹೊರಬೇಕೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ ಹೇಳುತ್ತದೆ. ಆದುದರಿಂದ ಸರಿಯಾಗಿ ಕಟ್ಟಿದ, ಆರೋಗ್ಯವಾಗಿರುವ ಕಾಂಕ್ರೀಟ್ ತಾರಸಿಗೆ ಫಲಕದ ಭಾರ ಹೊರೆಯಲ್ಲ.

ಹೊರೆಯಾಗುವುದು ಗಾಳಿ. ಮಾನಕ ಸಂಸ್ಥೆಯ ಗಾಳಿಯ ನಕ್ಷೆಯಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಮೂಲವೇಗವನ್ನು ಗೊತ್ತುಮಾಡಿದ್ದಾರೆ. ಗಂಟೆಗೆ ಸುಮಾರು 119 ಮತ್ತು 140 ಕಿಲೋಮೀಟರು. ಇಂಥ ಗಾಳಿ ಎದುರಾಗಿ ಬೀಸಿದರೆ ಚದರ ಮೀಟರಿಗೆ ಬೆಂಗಳೂರಿನಲ್ಲಿ ಸುಮಾರು 66 ಕಿಲೋಗ್ರಾಂ, ಮಂಗಳೂರಿನಲ್ಲಿ 93 ಕಿಲೋಗ್ರಾಂ ತೂಕಕ್ಕೆ ಸಮನಾದ ಒತ್ತಡ ಬೀಳುತ್ತದೆ. ಫಲಕ ಓರೆಯಾಗಿರುವುದರಿಂದ ಪೂರ್ತಿ ಒತ್ತಡ ತಾಗದಿರಬಹುದು. ತಾರಸಿಯ ಅಂಚಿನಲ್ಲಿ ಸುಳಿಯೆದ್ದು ಇನ್ನೂ ಹೆಚ್ಚು ತಾಗಲೂಬಹುದು. ಏನೇ ಆಗಲಿ, 28 ಕಿಲೋಗ್ರಾಂ ತೂಗುವ ಫಲಕವನ್ನು ಅದರ ಹಲವು ಪಟ್ಟು ಬಲದಿಂದ ಮೇಲಕ್ಕೆಳೆಯುವ ಶಕ್ತಿ ಬಿರುಗಾಳಿಗಿದೆ. ಎಂದ ಮೇಲೆ ಸೂರು ಫಲಕವನ್ನು ಹೊರಬಲ್ಲುದೇ ಎಂದು ಕೇಳಿದಷ್ಟೇ ಗಂಭೀರವಾಗಿ, ಅದನ್ನು ಹಿಡಿದಿಟ್ಟುಕೊಳ್ಳಬಲ್ಲುದೇ ಎಂದೂ ಕೇಳಬೇಕು. ಯುಗಾದಿಯ ನಂತರದ ಗುಡುಗುಮಳೆಯ ಗಾಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಡಿಲವಾಗಿ ಕೂರಿಸಿದ ಫಲಕ ಹಾರಿದರೆ ಅದು ಬೀಳುವುದು ನಮ್ಮ ಮನೆಯ ಮೇಲಲ್ಲ, ಬೀದಿಯಲ್ಲಿ ನಡೆಯುವವರ ಮೇಲೆ. ಕೆಳಗೆ ಓಡಾಡಲು ಜಾಗವಿರಲೆಂದು ಎಂಟಡಿ ಎತ್ತರದ ಕಂಬಗಳ ಮೇಲೆ ಫಲಕಗಳನ್ನು ನಿಲ್ಲಿಸುವ ಪದ್ಧತಿ ಈಚೆಗೆ ಹೆಚ್ಚಿದೆ. ಅದು ಅನುಕೂಲವೇ ಸರಿ. ಆದರೆ ಎತ್ತರ ಹೆಚ್ಚಿದಷ್ಟೂ ಗಾಳಿಯ ಕಿತ್ತೆಳೆತ ಹೆಚ್ಚುವುದರಿಂದ, ಆ ಚೌಕಟ್ಟನ್ನು ಕಟ್ಟಡದ ಎಂಜಿನಿಯರರೊಬ್ಬರು ಲೆಕ್ಕಹಾಕಿ ರುಜು ಮಾಡಿರಬೇಕು. ಬೆಸುಗೆಯಂಗಡಿಯವರ ಅಂದಾಜು ಇಲ್ಲಿ ಸಾಲದು.

ಇನ್ನು ಸೂರಿನ ಆರೋಗ್ಯಪರೀಕ್ಷೆ. ಕಾಂಕ್ರೀಟ್ ತಾರಸಿಯಾದರೆ ಮೊದಲು ಕೆಳಗಿನಿಂದ ನೋಡಬೇಕು. ಒಳಛಾವಣಿಯಲ್ಲಿ ಕಂದು ಬಣ್ಣದ ಕಲೆ, ಗೆರೆಯೆಳೆದಂಥ ನೇರ ಬಿರುಕು, ಉಬ್ಬಿದ ಗಾರೆ ಕಂಡರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತಿದೆಯೆಂದು ತಿಳಿಯಿರಿ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಸಿಡಿದು ಉದುರುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಸದ್ದು ಬಂದರೆ ಸರಿ, ಡೊಳ್ಳಾದ ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ. ಇಂಥ ಲಕ್ಷಣಗಳಿದ್ದರೆ ಫಲಕದ ಮಾತನ್ನು ಬದಿಗಿಟ್ಟು ಕಟ್ಟಡ ಬಲ್ಲವರನ್ನು ಕರೆಸಬೇಕು. ಆಮೇಲೆ ಮೇಲೆ ಹೋಗಿ, ಮಳೆ ನಿಂತ ಒಂದು ಗಂಟೆಯ ಬಳಿಕವೂ ನೀರು ಎಲ್ಲಿ ನಿಂತಿರುತ್ತದೆಂದು ಗುರುತುಮಾಡಬೇಕು. ಪ್ಯಾರಾಪೆಟ್ ಗೋಡೆ ತಾರಸಿಯನ್ನು ಸೇರುವ ಮೂಲೆ, ಕೊಳವೆಗಳು ಹೊರಬರುವ ಜಾಗ, ನೀರು ಹೊರಹೋಗುವ ಬಾಯಿ, ಈ ಮೂರು ಕಡೆಯೇ ಹೆಚ್ಚಿನ ಸೋರಿಕೆ ಹುಟ್ಟುವುದು.

ಕೆಲಸದ ಅನುಕ್ರಮ ಹೀಗಿರಲಿ. ಮೊದಲು ಬಿರುಕುಗಳನ್ನು ಬಿಡಿಸಿ ತುಂಬಿಸುವುದು. ನೀರು ಹರಿಯುವ ಇಳಿಜಾರನ್ನು ಸರಿಪಡಿಸುವುದು. ಎರಡನೆಯದಾಗಿ, ಫಲಕಗಳ ಚೌಕಟ್ಟಿನ ಕಾಲುಗಳಿಗೆ ಕಾಂಕ್ರೀಟಿನ ಪೀಠಗಳನ್ನು ಕಟ್ಟಿಸುವುದು. ಮೂರನೆಯದಾಗಿ, ಇಡೀ ತಾರಸಿಗೆ ಜಲನಿರೋಧಕ ಲೇಪವನ್ನು ಬಳಿದು, ಅದನ್ನು ಪೀಠಗಳ ಬುಡಕ್ಕೂ ಗೋಡೆಗಳ ಬುಡಕ್ಕೂ ಒಂದು ಗೇಣು ಏರಿಸುವುದು. ನಾಲ್ಕನೆಯದಾಗಿ, ನೀರು ಹೋಗುವ ಬಾಯಿಗಳನ್ನು ಮುಚ್ಚಿ ಎರಡು ಅಂಗುಲ ನೀರನ್ನು ಎರಡು ದಿನ ನಿಲ್ಲಿಸಿ, ಕೆಳಗೆ ಒದ್ದೆ ಕಾಣಿಸುವುದೇ ಎಂದು ನೋಡುವುದು. ಎರಡು ಅಂಗುಲ ನೀರೆಂದರೆ ಚದರ ಮೀಟರಿಗೆ 50 ಕಿಲೋಗ್ರಾಂ. ಫಲಕಕ್ಕಿಂತ ಹೆಚ್ಚಿನ ಭಾರವಾದ್ದರಿಂದ ಈ ಪರೀಕ್ಷೆಯನ್ನು ಗಟ್ಟಿಯಾದ ಕಾಂಕ್ರೀಟ್ ತಾರಸಿಯ ಮೇಲೆ ಮಾತ್ರ ಮಾಡಬೇಕು. ಇದೆಲ್ಲವನ್ನೂ ಸಂಕ್ರಾಂತಿಯಿಂದ ಯುಗಾದಿಯೊಳಗೆ ಮುಗಿಸಿ, ಒಂದು ಮಳೆಗಾಲವನ್ನು ಸುಮ್ಮನೆ ಕಳೆಯಲು ಬಿಟ್ಟು, ದೀಪಾವಳಿಯ ಹೊತ್ತಿಗೆ ಫಲಕಗಳನ್ನು ಏರಿಸಿದರೆ ನನ್ನ ದೃಷ್ಟಿಯಲ್ಲಿ ಅದು ಸರ್ವೋತ್ತಮ. ಕೆಲವು ತಿಂಗಳ ವಿದ್ಯುತ್ತು ತಪ್ಪಿತೆಂದು ಅನಿಸಬಹುದು. ಆದರೆ ಮಳೆಗಾಲಕ್ಕಿಂತ ನಿಷ್ಠುರನಾದ ಪರೀಕ್ಷಕ ಇನ್ನೊಬ್ಬನಿಲ್ಲ.

ತಾರಸಿಗೆ ನೇರವಾಗಿ ರಂಧ್ರ ಕೊರೆದು ಬೋಲ್ಟು ಕೂರಿಸುವುದು ಬೇಡವೆಂದು ಏಕೆ ಹೇಳುತ್ತೇನೆಂದರೆ, ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟಿನಲ್ಲಿ ಕಂಬಿಗಳೂ ಇರುತ್ತವೆ, ಫ್ಯಾನಿಗೂ ದೀಪಕ್ಕೂ ಹೋಗುವ ತಂತಿಯ ಕೊಳವೆಗಳೂ ಇರುತ್ತವೆ. ಅವುಗಳ ಹಾದಿ ಮೇಲಿನಿಂದ ಕಾಣುವುದಿಲ್ಲ. ಕೊರೆದ ಪ್ರತಿಯೊಂದು ರಂಧ್ರವೂ ನೀರಿಗೆ ಹೊಸ ದಾರಿ. ಪೀಠಗಳನ್ನು ಸಾಧ್ಯವಾದಷ್ಟೂ ಗೋಡೆ ಮತ್ತು ತೊಲೆಗಳ ನೇರದಲ್ಲಿ ಕಟ್ಟಿ, ನೀರು ಹರಿಯುವ ದಿಕ್ಕಿಗೆ ಅಡ್ಡವಾಗದಂತೆ ಇಡಬೇಕು. ಒಂದಡಿ ಉದ್ದ, ಅಗಲ, ಎತ್ತರದ ಕಾಂಕ್ರೀಟ್ ಪೀಠ ಸುಮಾರು 68 ಕಿಲೋಗ್ರಾಂ ತೂಗುತ್ತದೆ. ಹಿಂದೆ ಹೇಳಿದ ಗಾಳಿಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎಷ್ಟು ಪೀಠಗಳು ಬೇಕು, ಅವನ್ನು ತಾರಸಿಗೆ ಹೇಗೆ ಬೆಸೆಯಬೇಕು ಎಂಬುದು ಮನಸ್ಸಿಗೆ ಬಂದದ್ದನ್ನು ಹೇಳುವ ವಿಷಯವಲ್ಲವೆಂದು ತಿಳಿದೀತು.

ಕಾಂಕ್ರೀಟಿನ ತಾರಸಿಯೊಂದೇ ನಮ್ಮ ನಾಡಿನ ಸೂರಲ್ಲ. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಮದರಾಸು ತಾರಸಿಯ ಮನೆಗಳು ಇನ್ನೂ ಇವೆ. ಮರದ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆದು ಮಾಡಿದ ಸೂರು ಅದು. ಅದಕ್ಕೆ ರಂಧ್ರ ಕೊರೆಯುವುದು ಹಲ್ಲಿಲ್ಲದ ವೃದ್ಧರಿಗೆ ಕಬ್ಬು ಕೊಟ್ಟಂತೆ. ಜಂತೆಗಳ ತುದಿ ಗೋಡೆಯೊಳಗೆ ಗೆದ್ದಲಿಗೋ ಒದ್ದೆಗೋ ತುತ್ತಾಗಿದೆಯೇ ಎಂದು ಪರೀಕ್ಷಿಸಿ, ಫಲಕದ ಭಾರವನ್ನು ಗೋಡೆಯಿಂದ ಗೋಡೆಗೆ ಹಾಯುವ ಉಕ್ಕಿನ ತೊಲೆಗಳ ಮೇಲೆ ಹೊರಿಸಬೇಕು. ಬಯಲುಸೀಮೆಯ ಉತ್ತರಭಾಗದ ಮಣ್ಣಿನ ಮಾಳಿಗೆಗಳಿಗೂ ಇದೇ ಮಾತು. ಅಲ್ಲಿ ಸೂರಿನ ಮೇಲೆ ಏನನ್ನೂ ಇಡದೆ, ನೆಲದಿಂದಲೇ ಎದ್ದ ಕಂಬಗಳ ಮೇಲೆ ಫಲಕಗಳನ್ನು ಹಿತ್ತಲಲ್ಲಿ ನಿಲ್ಲಿಸುವುದು ಒಳಿತು.

ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮಾಡುಗಳ ಕಥೆ ಬೇರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಹೆಂಚು ನಮ್ಮ ಮಳೆಗೆ ಒಗ್ಗಿಕೊಂಡು ಬಂದಿದೆ. ಅದು ಒಗ್ಗಿರುವುದು ಪ್ರತಿವರ್ಷ ಮಳೆಗೆ ಮೊದಲು ಒಡೆದ ಹೆಂಚುಗಳನ್ನು ಬದಲಿಸುವ ಪದ್ಧತಿಯಿಂದ. ಫಲಕ ಕುಳಿತ ಮೇಲೆ ಅದರಡಿಯ ಹೆಂಚಿಗೆ ಕೈ ಎಟುಕುವುದಿಲ್ಲ. ಆದಕಾರಣ ಫಲಕ ಬರುವ ಜಾಗದ ಹೆಂಚುಗಳನ್ನೆಲ್ಲ ಮೊದಲೇ ಇಳಿಸಿ, ಪಕಾಸಿಗಳನ್ನೂ ರೀಪುಗಳನ್ನೂ ನೋಡಿ, ಟೊಳ್ಳಾದುದನ್ನು ಬದಲಿಸಿ, ಗಟ್ಟಿ ಹೆಂಚುಗಳನ್ನೇ ಹೊದಿಸಬೇಕು. ಚೌಕಟ್ಟಿನ ಕೊಕ್ಕೆಗಳು ಪಕಾಸಿಗಳನ್ನು ಹಿಡಿಯಬೇಕೇ ಹೊರತು ರೀಪನ್ನಲ್ಲ, ಹೆಂಚನ್ನಂತೂ ಅಲ್ಲವೇ ಅಲ್ಲ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರದಕ್ಕೆ ಕಚ್ಚಿಕೊಳ್ಳದಿರುವುದುಂಟು. ಆದ್ದರಿಂದ ಅದೇ ಮುದ್ರೆಯ ಇಪ್ಪತ್ತು ಮೂವತ್ತು ಹೆಂಚುಗಳನ್ನು ಅಟ್ಟದ ಮೇಲೆ ಕೂಡಿಟ್ಟುಕೊಳ್ಳಿ. ಸಮುದ್ರದ ಉಪ್ಪುಗಾಳಿಗೆ ಸಾಧಾರಣ ಕಬ್ಬಿಣ ನಿಲ್ಲದು. ಚೌಕಟ್ಟಿಗೆ ದಪ್ಪವಾಗಿ ಸತುವಿನಲ್ಲಿ ಅದ್ದಿದ ಉಕ್ಕು ಅಥವಾ ಅಲ್ಯೂಮಿನಿಯಂ, ಬೋಲ್ಟುಗಳಿಗೆ ತುಕ್ಕುಹಿಡಿಯದ ಉಕ್ಕು ಇರಲೇಬೇಕು. ಇನ್ನು ಕಲ್ನಾರಿನ ಶೀಟುಗಳ ಸೂರುಳ್ಳವರಿಗೆ ಒಂದೇ ಮಾತು: ಅದನ್ನು ಕೊರೆಯಬೇಡಿ, ಅದರ ಮೇಲೆ ಕಾಲಿಡಲೂಬೇಡಿ. ಅದು ಮನುಷ್ಯನ ಭಾರವನ್ನು ತಡೆಯುವುದಿಲ್ಲ. ಕೊರೆದಾಗ ಏಳುವ ಎಳೆಗಳ ಧೂಳು ಶ್ವಾಸಕೋಶಕ್ಕೆ ಮಾರಕ.

ಫಲಕಕ್ಕೂ ಸೂರಿಗೂ ನಡುವೆ ಗಾಳಿಯಾಡುವಷ್ಟು ತೆರಪು ಬಿಡಬೇಕೆಂಬುದನ್ನು ಹಲವರು ಮರೆಯುತ್ತಾರೆ. ಬಿಸಿಲು ಹೆಚ್ಚಾದಷ್ಟೂ ಫಲಕ ಹೆಚ್ಚು ದುಡಿಯುತ್ತದೆಂಬುದು ಅರ್ಧ ಸತ್ಯ. ಅದಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿಯಿಂದ ಮೇಲಕ್ಕೆ ಕೋಶ ಒಂದೊಂದು ಡಿಗ್ರಿ ಕಾದಂತೆಲ್ಲ ನೂರಕ್ಕೆ 0.3ರಿಂದ 0.4ರಷ್ಟು ಉತ್ಪತ್ತಿ ಇಳಿಯುತ್ತದೆ. ಮಧ್ಯಾಹ್ನ 60 ಡಿಗ್ರಿಗೆ ಕಾದ ಫಲಕ ಹತ್ತು ಹನ್ನೆರಡು ಪಾಲನ್ನು ಹೀಗೆಯೇ ಕಳೆದುಕೊಳ್ಳುತ್ತದೆ. ತೆರಪಿನಲ್ಲಿ ಗಾಳಿ ಹರಿದರೆ ಫಲಕವೂ ತಣಿಯುತ್ತದೆ, ಅದರ ನೆರಳಿನಲ್ಲಿ ಕೆಳಗಿನ ಕೋಣೆಯೂ ತಣಿಯುತ್ತದೆ. ಆ ತೆರಪಿನಲ್ಲಿ ಕಸ ಗುಡಿಸಲು ಕೈ ಆಡುವಂತಿರಬೇಕು, ಇಲ್ಲದಿದ್ದರೆ ಪಾರಿವಾಳಗಳು ಮನೆಮಾಡಿಕೊಂಡಾವು. ಫಲಕದ ಸಾಲುಗಳ ನಡುವೆ ಎರಡು ಮೂರು ಅಡಿ ದಾರಿ, ಹತ್ತಿರದಲ್ಲೊಂದು ನಲ್ಲಿ, ಮೇಲಕ್ಕೆ ಹೋಗಲು ಭದ್ರವಾದ ಮೆಟ್ಟಿಲು, ಇವೂ ಸಿದ್ಧತೆಯ ಭಾಗಗಳೇ. ಧೂಳು ತೊಳೆಯುವುದನ್ನು ಬೆಳಿಗ್ಗೆ ಬೇಗನೆ ಮಾಡಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಅದು ಸಿಡಿಯುವ ಅಪಾಯವಿದೆ.

ವಿದ್ಯುತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿದರೂ ಹಗಲಿನಲ್ಲಿ ಫಲಕ ಆರುವುದಿಲ್ಲ. ಆರು ಫಲಕಗಳ ಒಂದು ಸಾಲಿನಲ್ಲಿ 250ರಿಂದ 300 ವೋಲ್ಟ್ ಏಕಮುಖ ವಿದ್ಯುತ್ತು ಬಿಸಿಲಿರುವವರೆಗೂ ತಂತಿಯಲ್ಲಿ ನಿಂತೇ ಇರುತ್ತದೆ. ಆದ್ದರಿಂದ ತಂತಿಗಳು ಬಿಸಿಲಿಗೆ ಬೆಂಡಾಗದ ಕೊಳವೆಯೊಳಗೆ, ಮಕ್ಕಳ ಕೈಗೂ ಕೋತಿಗಳ ಕೈಗೂ ಸಿಗದಂತೆ ಸಾಗಬೇಕು. ಗೋಡೆಯನ್ನು ಹೊಗುವ ಮುನ್ನ ಒಮ್ಮೆ ಕೆಳಮುಖವಾಗಿ ಬಾಗಿರಬೇಕು, ಹಾಗಾದರೆ ಮಳೆನೀರು ತಂತಿಯನ್ನು ಹಿಡಿದು ಒಳಗೆ ಬಾರದು. ಭೂಸಂಪರ್ಕ ಮತ್ತು ಸಿಡಿಲಿನ ರಕ್ಷಣೆಗಳಿಗೆ ಪ್ರತ್ಯೇಕ ಗುಂಡಿಗಳು ಬೇಕು. ಅಂಗಳಕ್ಕೆ ಕಲ್ಲು ಹಾಸಿಸುವ ಮೊದಲೇ ಅವುಗಳ ಜಾಗವನ್ನು ಗೊತ್ತುಮಾಡಿಕೊಳ್ಳಿ.

ಕರಾರು ಬರೆಯುವಾಗ ಮೂರು ಸಂಗತಿಗಳು ಅದರಲ್ಲಿರಲಿ: ಸೋರಿದರೆ ಯಾರ ಹೊಣೆ, ಎಷ್ಟು ವರ್ಷದವರೆಗೆ, ದುರಸ್ತಿಗಾಗಿ ಫಲಕಗಳನ್ನು ಇಳಿಸಿ ಏರಿಸಬೇಕಾದರೆ ದರವೇನು, ಚೌಕಟ್ಟನ್ನು ಯಾವ ಗಾಳಿಯ ವೇಗಕ್ಕೆ ಲೆಕ್ಕಹಾಕಲಾಗಿದೆ. ಕೆಲಸ ಆರಂಭವಾಗುವ ಹಿಂದಿನ ದಿನ ತಾರಸಿಯ ಮತ್ತು ಒಳಛಾವಣಿಯ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ. ನನ್ನ ಸ್ನೇಹಿತರ ಬಳಿ ಅಂಥ ಒಂದು ಚಿತ್ರವಿದ್ದಿದ್ದರೆ, ಬಿರುಕು ಮೊದಲಿನದೋ ಆಮೇಲಿನದೋ ಎಂಬ ವಾದವೇ ಹುಟ್ಟುತ್ತಿರಲಿಲ್ಲ.

ಕೊನೆಯದಾಗಿ ಒಂದು ಮಾತು. ಇದನ್ನು ನಾನು ಕಲಿತದ್ದು ಆ ಸ್ನೇಹಿತರ ತಾಯಿಯವರಿಂದ. ಎರಡನೆಯ ಬಾರಿ ಫಲಕಗಳನ್ನು ಏರಿಸುವಾಗ ಆ ಎಂಬತ್ತು ದಾಟಿದ ಹಿರಿಯರು ಮೆಟ್ಟಿಲು ಹತ್ತಿ ಬಂದು, “ಹೋದ ಸಲ ನನ್ನನ್ನು ಯಾರೂ ಕೇಳಲಿಲ್ಲಪ್ಪಾ. ಸಂಡಿಗೆ ಹಾಕಲು ಜಾಗವೇ ಇಲ್ಲದೆ ಹೋಯಿತು” ಎಂದರಂತೆ. ತಾರಸಿ ಎಂಬುದು ನಮ್ಮಲ್ಲಿ ಬರಿಯ ಮುಚ್ಚಿಗೆಯಲ್ಲ. ಹಪ್ಪಳ ಸಂಡಿಗೆ ಒಣಗುವುದು ಅಲ್ಲಿ, ಬೇಸಗೆಯ ರಾತ್ರಿ ಚಾಪೆ ಹಾಸುವುದು ಅಲ್ಲಿ, ಮಕ್ಕಳು ಗಾಳಿಪಟ ಹಾರಿಸುವುದೂ ಅಲ್ಲಿ. ಬಿಸಿಲು ಫಲಕಕ್ಕೆ ಬೇಕು, ಸಂಡಿಗೆಗೂ ಬೇಕು. ಮೂರು ಕಿಲೋವಾಟಿನ ಆಸೆಯನ್ನು ಎರಡಕ್ಕೆ ಇಳಿಸಿ ಒಂದು ಮೂಲೆಯನ್ನು ಮನೆಯವರಿಗೆ ಉಳಿಸಿಕೊಂಡರೆ ನಷ್ಟವೇನಿಲ್ಲ. ಸ್ನೇಹಿತರು ಹಾಗೆಯೇ ಮಾಡಿದರು. ಈ ಸಲದ ಮಳೆಗಾಲ ಕಳೆದಿದೆ, ಬೋಗುಣಿ ಅಡುಗೆಮನೆಗೆ ಹಿಂದಿರುಗಿದೆ. ತಾವೂ ಯಾವುದಕ್ಕಾದರೂ ರುಜು ಹಾಕುವ ಮುನ್ನ ಒಮ್ಮೆ ಮೆಟ್ಟಿಲು ಹತ್ತಿ ತಮ್ಮ ಸೂರನ್ನು ಕಣ್ತುಂಬ ನೋಡಿ ಬನ್ನಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.

(ಬಾನುಲಿ ಭಾಷಣ)